ಅಪ್‌ಡೇಟ್: ಎರಡನೇ ಕ್ಲಾಸ್ ಮಕ್ಕಳ ತೋಟದ ಟ್ರಿಪ್

ಪುಟ್ಟ ಮಕ್ಕಳಿಗೆ ಪರಾಗಸ್ಪರ್ಶ ಹೇಗೆ ತೋರಿಸೋದು ಅಂತ ಹೋದ ವಾರ ಕೇಳಿದ್ದೆ ಅಲ್ವಾ, ನಿನ್ನೆ ಕನಕಪುರ ರಸ್ತೆಯ ಒಂದು ತೋಟಕ್ಕೆ ಹೋಗಿಬಂದೆವು. ಕುಂಬಳದ ಹೂವನ್ನು ಬೆಳಿಗ್ಗೆ ಬೇಗ ತೋರಿಸಿ ಅಂದವರಿಗೆ ದೊಡ್ಡ ನಮಸ್ಕಾರ. ಆದರೆ ಬಸ್ಸು ತಡವಾಗಿ ತಲುಪುವಷ್ಟರಲ್ಲಿ ಹತ್ತೂವರೆ, ಅರ್ಧ ಹೂಗಳು ಮುದುಡಿದ್ದವು. ಪುಣ್ಯಕ್ಕೆ ನೆರಳಲ್ಲಿ ನಾಲ್ಕೈದು ಉಳಿದಿದ್ದವು. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಪುಟ್ಟ ಕಾಯಿ ಇರುತ್ತದಲ್ಲ, ಅದನ್ನು ತೋರಿಸಿದ ಕೂಡಲೇ ಗಲಾಟೆ ನಿಂತಿತು. ಗಂಡು ಹೂವಿನ ಹಳದಿ ಪುಡಿಯನ್ನು ಹತ್ತಿ ಕಡ್ಡಿಯಲ್ಲಿ ತೆಗೆದು ಮಕ್ಕಳೇ ಹೆಣ್ಣು ಹೂವಿಗೆ ಸವರಿದರು. "ಮಿಸ್, ಜೇನು ಬರದಿದ್ರೆ ಕುಂಬಳಕಾಯಿ ಹುಳಿ ಇಲ್ವಾ?" ಅಂದ ಒಬ್ಬ.

ದುಂಬಿ ಗುಂಯ್ ಅಂತ ಅದುರಿಸಿದರೆ ಬದನೆ ಹೂವಿನ ಪರಾಗ ಚೆನ್ನಾಗಿ ಉದುರುತ್ತದೆ ಅಂತ ಸುಮ್ನೆ ಹೇಳಿಬಿಟ್ಟೆ. ವಾಪಸ್ ಬರುವಾಗ ಬಸ್ಸಿನ ತುಂಬ 32 ದುಂಬಿಗಳು.