ಹಳೇ ಕಾರುಗಳ ಓಡಾಟಕ್ಕೆ ಅಪ್ಪನನ್ನು ಕರೆದುಕೊಂಡು ಹೊರಟಿದ್ದೇನೆ, ಏನೇನು ನೋಡಬೇಕು ಹೇಳಿ

ಮುಂದಿನ ಭಾನುವಾರ ದಾವಣಗೆರೆಯಿಂದ ಚಿತ್ರದುರ್ಗದ ಕೋಟೆಯವರೆಗೆ ಹತ್ತು ಹನ್ನೆರಡು ಹಳೇ ಕಾರುಗಳು ಒಟ್ಟಿಗೆ ಹೊರಡುತ್ತಿವೆ. ಅಪ್ಪ ಇಪ್ಪತ್ತು ವರ್ಷ ಅಂಬಾಸಿಡರ್ ಓಡಿಸಿದವರು. ಅವರನ್ನೂ ಎಂಟು ವರ್ಷದ ಮಗಳನ್ನೂ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ನನಗೆ ಅಂಬಾಸಿಡರ್, ಫಿಯಟ್ ಬಿಟ್ಟರೆ ಬೇರೆ ಕಾರಿನ ಗುರುತೇ ಸಿಗುವುದಿಲ್ಲ. ಇಂಥದ್ದಕ್ಕೆ ಹೋಗಿ ಬಂದವರು ನಿಮ್ಮ ಅನುಭವ ಹೇಳಿ.

ಚಿತ್ರದುರ್ಗದಿಂದ ಒಬ್ಬರು:

ಸರ್, ಹೊರಡುವ ಹೊತ್ತಿಗೆ ಹೋಗಬೇಡಿ. ಅದಕ್ಕಿಂತ ಒಂದು ಗಂಟೆ ಮೊದಲೇ ಹೋಗಿ. ಮೊದಲ ಸಲ ನಾನು ಬಾವುಟ ಬೀಸುವ ಹೊತ್ತಿಗೆ ಸರಿಯಾಗಿ ಹೋಗಿದ್ದೆ. ಕಾರುಗಳು ಸಾಲಾಗಿ ಹೊರಟವು, ಐದು ನಿಮಿಷದಲ್ಲಿ ಎಲ್ಲ ಮುಗಿಯಿತು. ಮುಂದಿನ ಸಲ ಬೆಳಿಗ್ಗೆ ಆರಕ್ಕೇ ಹೋಗಿ ನಿಂತೆ. ಆಗ ಬಾನೆಟ್ ಎಲ್ಲ ತೆರೆದಿರುತ್ತವೆ. ಒಬ್ಬರು ರೇಡಿಯೇಟರ್‌ಗೆ ನೀರು ಹಾಕುತ್ತಿರುತ್ತಾರೆ, ಇನ್ನೊಬ್ಬರು ಪ್ಲಗ್‌ಗೆ ಕಿಡಿ ಬರಿಸುವ ಪಾಯಿಂಟ್ ಉಜ್ಜುತ್ತಿರುತ್ತಾರೆ. ಮಾತಾಡಿಸಿದರೆ ಖುಷಿಯಿಂದ ತೋರಿಸುತ್ತಾರೆ.

ಅವತ್ತು ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಬಂದಿತ್ತು. 1961ರಿಂದ ಮದರಾಸಿನಲ್ಲಿ ತಯಾರಾಗುತ್ತಿದ್ದ ಕಾರು. ಮಾಲೀಕರು ಎರಡೂ ಬದಿಯ ಕೊಂಡಿ ಬಿಚ್ಚಿ ಎತ್ತಿದರು ನೋಡಿ, ಮಡ್‌ಗಾರ್ಡು, ಹೆಡ್‌ಲೈಟು ಸಮೇತ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಂಡಿತು! ಮುಂದಿನ ಚಕ್ರಗಳು, ಇಂಜಿನ್ ಎಲ್ಲ ಬಯಲಿಗೆ ಬಂದವು. ಅವರು ಆರಾಮಾಗಿ ಟೈರ್ ಮೇಲೆ ಕೂತು ಪ್ಲಗ್ ಬಿಚ್ಚಿ ಒರೆಸಿದರು. ನಿಮ್ಮ ಮಗಳಿಗೆ ಇದನ್ನು ತೋರಿಸಲೇಬೇಕು.

ಗುರುತು ಹಿಡಿಯೋದು ಕಷ್ಟ ಇಲ್ಲ. ಅಂಬಾಸಿಡರ್ ಥರ ಕಂಡು, ಹಿಂದಿನ ಮೂಲೆಗಳಲ್ಲಿ ರೆಕ್ಕೆ ಥರ ಚಾಚಿದ ಅಂಚು ಇಲ್ಲದೆ ಗುಂಡಗಿದ್ದರೆ ಅದು ಲ್ಯಾಂಡ್‌ಮಾಸ್ಟರ್ ಇರಬಹುದು. ಅಂಬಾಸಿಡರ್‌ಗಿಂತ ಮೊದಲಿನದು, 1954ರಲ್ಲಿ ಶುರುವಾಗಿ ನಾಲ್ಕೇ ವರ್ಷ ಬಂದಿದ್ದು. ಈಗ ಕಾಣಸಿಗೋದೇ ಅಪರೂಪ. ಮಾರಿಸ್ ಮೈನರ್ ಇದ್ದರೆ ಮುಂದಿನ ಗಾಜು ನೋಡಿ. ನಡುವೆ ಕಂಬಿ ಇದ್ದು ಎರಡು ತುಂಡಾಗಿದ್ದರೆ 1956ರ ಒಳಗಿನದು. ಎರಡು ಬಾಗಿಲ ನಡುವಿನ ಕಂಬದಿಂದ ಕೈ ಚಾಚಿದ ಹಾಗೆ ಒಂದು ಪುಟ್ಟ ಇಂಡಿಕೇಟರ್ ಹೊರಗೆ ಬರುತ್ತದೆ. ಒಂದ್ಸಲ ಹಾಕಿ ತೋರಿಸಿ ಅಂತ ಕೇಳಿ. ಹಳೇ ಫಿಯಟ್ 1100ರಲ್ಲಿ ಮುಂದಿನ ಬಾಗಿಲಿನ ಕೀಲು ಹಿಂದಿರುತ್ತದೆ, ಹಾಗಾಗಿ ಬಾಗಿಲು ತಿರುವುಮುರುವಾಗಿ ತೆರೆಯುತ್ತದೆ.

ನನಗೆ ಎಲ್ಲಕ್ಕಿಂತ ಪ್ರೀತಿ ಸಿಪಾನಿ ಡಾಲ್ಫಿನ್ ಮೇಲೆ. ನಮ್ಮ ಬೆಂಗಳೂರಿನಲ್ಲೇ ತಯಾರಾಗಿದ್ದು, 1982ರಲ್ಲಿ ಬಂತು. ಮೈಯೆಲ್ಲ ಫೈಬರ್, ತಟ್ಟಿದರೆ ತಗಡಿನ ಸದ್ದೇ ಬರುವುದಿಲ್ಲ. ಅದಕ್ಕೂ ಮೊದಲು ಬಂದ ಬಾದಲ್ ಅನ್ನೋ ಕಾರಿಗೆ ಮೂರೇ ಚಕ್ರ, ಮುಂದೆ ಒಂದು, ಹಿಂದೆ ಎರಡು. ದೊಡ್ಡ ಡಾಡ್ಜ್, ಷೆವರ್ಲೆ ಸುತ್ತ ಜನ ಮುತ್ತಿಕೊಂಡಿರುತ್ತಾರೆ. ಮೂಲೆಯಲ್ಲಿ ಇಂಥದ್ದೊಂದು ಸುಮ್ನೆ ನಿಂತಿದ್ದರೆ ಮೊದಲು ಅಲ್ಲಿಗೆ ಹೋಗಿ.

ಫಿಯಟ್ ಇಟ್ಟುಕೊಂಡ ದಾವಣಗೆರೆಯವರು:

ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ಒಂದೇ ಮಾತು ಸೇರಿಸುತ್ತೇನೆ, ಮಾಲೀಕರನ್ನು ಕೇಳದೆ ಮುಟ್ಟಬೇಡಿ. ಆ ಕ್ರೋಮ್ ಪಟ್ಟಿ ಮುರಿದರೆ ಮತ್ತೊಂದು ಹುಡುಕೋಕೆ ವರ್ಷಗಟ್ಟಲೆ ಅಲೆಯಬೇಕು.

ದಾರಿಯಲ್ಲಿ ಯಾವುದಾದರೂ ಕಾರು ನಿಂತರೆ ಗಾಬರಿ ಬೇಡ. ಒಂದು ಏಪ್ರಿಲ್‌ನಲ್ಲಿ ನನ್ನ ಗಾಡಿ ಭರಮಸಾಗರದ ಹತ್ತಿರ ಹೈವೇ ಪಕ್ಕದಲ್ಲೇ ಆಫ್ ಆಯಿತು. ಬಿಸಿಲಿಗೆ ಇಂಜಿನ್‌ಗೆ ಪೆಟ್ರೋಲು ಎಳೆಯುವ ಪಂಪು ಕಾದು, ಪೈಪಿನಲ್ಲೇ ಪೆಟ್ರೋಲು ಆವಿಯಾಗಿಬಿಡುತ್ತದೆ. ಆವಿಯನ್ನು ಪಂಪು ಎಳೆಯುವುದಿಲ್ಲ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್‌ಗೆ ಏನೂ ಬರುವುದಿಲ್ಲ. ಟವೆಲ್ ನೆನೆಸಿ ಪಂಪಿಗೆ ಸುತ್ತಿ, ಮರದ ನೆರಳಲ್ಲಿ ಇಪ್ಪತ್ತು ನಿಮಿಷ ಕೂತೆವು. ಆಮೇಲೆ ಒಂದೇ ಸಲ ಸೆಲ್ಫ್ ಹೊಡೆದಿದ್ದಕ್ಕೆ ಸ್ಟಾರ್ಟ್! ಹಾಗಾಗಿ ನೀವು ಹಿಂದೆ ಬರುವ ಗಾಡಿಯಲ್ಲಿ ಎರಡು ಕ್ಯಾನ್ ನೀರು ಇಟ್ಟುಕೊಳ್ಳಿ. ಯಾರಿಗಾದರೂ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಮುಖ್ಯ ವಿಷಯ. ಇವಕ್ಕೆಲ್ಲ ಡ್ರಮ್ ಬ್ರೇಕು, ಈಗಿನ ಕಾರಿನ ಹಾಗೆ ತಕ್ಷಣ ನಿಲ್ಲುವುದಿಲ್ಲ. ವಿಡಿಯೋ ಮಾಡೋಕೆ ಅಂತ ಓವರ್‌ಟೇಕ್ ಮಾಡಿ ಮುಂದೆ ಬ್ರೇಕ್ ಹಾಕಬೇಡಿ, ದಯವಿಟ್ಟು. ನಂಬರ್ ಪ್ಲೇಟ್ ಕೂಡ ನೋಡುತ್ತಾ ಬನ್ನಿ. ಎಂವೈ ಅಂತ ಶುರುವಾದರೆ ಮೈಸೂರು ರಾಜ್ಯದ ಕಾಲದ್ದು. ವಿಎ ಅನ್ನುವ ಅಕ್ಷರ ಕಂಡರೆ 2021ರ ನಿಯಮದಂತೆ ವಿಂಟೇಜ್ ಅಂತ ನೋಂದಣಿ ಆಗಿದೆ ಅಂತ ಅರ್ಥ. ಅದಕ್ಕೆ ಐವತ್ತು ವರ್ಷ ದಾಟಿರಬೇಕು, ದಿನಾ ಓಡಿಸುವ ಹಾಗಿಲ್ಲ.

ಹರಿಹರದಿಂದ ಒಬ್ಬರು:

ಅಣ್ಣ, ನಿಮ್ಮ ತಂದೆಯವರನ್ನು ಒಂದ್ಸಲ ಸ್ಟೇರಿಂಗ್ ಮುಂದೆ ಕೂರಿಸೋಕೆ ಆಗುತ್ತಾ ಅಂತ ಯಾರನ್ನಾದರೂ ಕೇಳಿ. ನಮ್ಮ ಮಾವನವರು ಗಾಡಿ ಬಿಟ್ಟು ಹದಿನೈದು ವರ್ಷ ಆಗಿತ್ತು. ಒಂದು ಮಾರ್ಕ್ 2 ಅಂಬಾಸಿಡರ್‌ನಲ್ಲಿ ಕೂತರು. ಎಡಗೈ ತಾನಾಗಿಯೇ ಸ್ಟೇರಿಂಗ್ ಪಕ್ಕದ ಗೇರ್ ಹಿಡಿಯಿತು. ಎಡಗಾಲು ನೆಲದ ಮೇಲಿನ, ಹೆಡ್‌ಲೈಟಿನ ಡಿಮ್ ಡಿಪ್ ಸ್ವಿಚ್ ಹುಡುಕಿತು. ಒಂದು ಮಾತೂ ಆಡಲಿಲ್ಲ, ಹತ್ತು ನಿಮಿಷ ಹಾಗೇ ಕೂತಿದ್ದರು. ಮಾಲೀಕರೂ ಅವಸರ ಮಾಡಲಿಲ್ಲ, ಪುಣ್ಯಾತ್ಮರು.

ತಿಂಡಿ ಚಿಂತೆ ಬೇಡ, ಬೆಣ್ಣೆ ದೋಸೆ ಮುಗಿಸಿಯೇ ಹೊರಡಿ. ಕೋಟೆ ಹತ್ತಿರ ಬಿಸಿಲು ಜಾಸ್ತಿ, ಅಪ್ಪನಿಗೆ ಟೋಪಿ ಇರಲಿ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆರಕ್ಕೇ ಹೋಗುತ್ತೇವೆ. ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಲ್ಯಾಂಡ್‌ಮಾಸ್ಟರ್ ಅಂದ ಕೂಡಲೇ, ಹಳೇ ಅಕ್ಕಿ ಮಿಲ್ಲಿನ ಶೆಡ್ಡಿನಲ್ಲಿ ಅಂಥದ್ದೊಂದು ನಿಂತಿತ್ತು, ಹಿಂದೆ ಗುಂಡಗೇ ಇತ್ತು ಅಂದರು. ಶನಿವಾರ ಸಂಜೆ ಇಬ್ಬರೂ ಹೋಗಿ ನೋಡುತ್ತೇವೆ. ಇನ್ನೂ ಅಲ್ಲೇ ಇದ್ದರೆ, ಮಿಲ್ಲಿನವರು ಒಪ್ಪಿದರೆ, ಫೋಟೋ ಹಾಕುತ್ತೇನೆ.