ಸಹಾಯ ಬೇಕು: ಹಿರಿಯ ಮಗನಿಗೆ ಏನು ಹೇಳಲಿ?

ತಪಸ್ಸುಕಾಲದ (ಈಸ್ಟರ್‌ಗೆ ಮುಂಚಿನ ಉಪವಾಸ ಕಾಲ) 4ನೇ ಭಾನುವಾರಕ್ಕೆ ಚರ್ಚಿನಲ್ಲಿ ಹೇಳಲು ಪ್ರಬೋಧನೆ ಬರೆಯುತ್ತಿದ್ದೇನೆ. ಮೂರು ವರ್ಷದ ಬೈಬಲ್ ವಾಚನ ಚಕ್ರದಲ್ಲಿ ಸಿ ವರ್ಷದ ಶುಭಸಂದೇಶ, ಲೂಕ 15, ದುಂದುಗಾರ ಮಗನ ಕಥೆ: ತನ್ನ ಪಾಲಿನ ಆಸ್ತಿ ಹಾಳುಮಾಡಿದ ಕಿರಿಯ ಮಗ ಮನೆಗೆ ಮರಳುತ್ತಾನೆ, ತಂದೆ ಔತಣ ಮಾಡಿಸುತ್ತಾನೆ, ಮನೆಯಲ್ಲೇ ದುಡಿದ ಹಿರಿಯ ಮಗ ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ತಂದೆ ಓಡಿ ಬಂದು ಅಪ್ಪಿಕೊಳ್ಳುವ ಭಾಗ ಸುಲಭವಾಗಿ ಬಂತು. ಹಿರಿಯ ಮಗನ ಹತ್ತಿರ ಪೆನ್ನು ನಿಂತುಬಿಟ್ಟಿದೆ. ಅವನ ಬಾಯಲ್ಲಿ 'ತಮ್ಮ' ಎಂಬ ಮಾತೇ ಬರುವುದಿಲ್ಲ, 'ನಿಮ್ಮ ಈ ಮಗ' ಅನ್ನುತ್ತಾನೆ. ತಂದೆ ಮಾತ್ರ 'ನಿನ್ನ ಈ ತಮ್ಮ' ಅನ್ನುತ್ತಾನೆ. ಕೊನೆಗೆ ಅವನು ಒಳಗೆ ಹೋದನಾ ಇಲ್ವಾ, ಕಥೆ ಹೇಳುವುದಿಲ್ಲ.

ಮನೆಯಲ್ಲೇ ಉಳಿದು ವಯಸ್ಸಾದ ತಂದೆ ತಾಯಿಯನ್ನು ನೋಡಿಕೊಂಡವರು ನನ್ನೆದುರೇ ಕೂತಿರುತ್ತಾರೆ. ಅವರಿಗೆ ಸುಮ್ನೆ 'ಕ್ಷಮಿಸಿ' ಅಂದರೆ ನೋವು ಜಾಸ್ತಿ ಆಗುತ್ತದೆ ಅಲ್ವಾ? ಎರಡು ಸಲ ಬರೆದೆ. ಎರಡೂ ಬರೀ ಬುದ್ಧಿಮಾತಾಯಿತು, ಹರಿದುಹಾಕಿದೆ.

ಮನೆ ನೋಡಿಕೊಂಡ ಮಗ ಅಥವಾ ಮಗಳು ನೀವಾಗಿದ್ದರೆ, 'ನನ್ನದೆಲ್ಲ ನಿನ್ನದೇ' ಎಂಬ ತಂದೆಯ ಮಾತು ನಿಮಗೆ ಸಮಾಧಾನ ಕೊಡುತ್ತದೆಯೇ? ಇಲ್ಲವಾದರೆ, ಆ ಬಾಗಿಲ ಬಳಿ ಯಾವ ಮಾತು ಕೇಳಬೇಕು ಅನ್ನಿಸುತ್ತದೆ?