ಜೂನ್ ಮುಗಿದ ಮೇಲೆ ಕಟ್ಟೆಯಿಂದ ಒಂದೂ ಮೀನಿಲ್ಲ, ಲೈನ್ ಬೇರೆ ಸುರುಳಿ ಸುತ್ತುತ್ತಿದೆ

ಕಟ್ಟೆಗಾಳ:
ನಮಸ್ಕಾರ. ನಾನು ಗಾಳ ಹಾಕುವುದು ಅಮೆರಿಕದ ಮಿಶಿಗನ್ ಸರೋವರದ ಪಶ್ಚಿಮ ದಡದಲ್ಲಿ, ಮಿಲ್ವಾಕಿ ಕಡೆಯ ಒಂದು ಕಲ್ಲುಕಟ್ಟೆ ಮೇಲಿಂದ. ದೋಣಿ ಇಲ್ಲ. ಏಪ್ರಿಲ್‌ನಲ್ಲಿ ಮೂರು ಕೋಹೊ ಸಾಲ್ಮನ್, ಒಂದು ಬ್ರೌನ್ ಟ್ರೌಟ್ ಸಿಕ್ಕಿದ್ದವು. ಜುಲೈ ಶುರುವಾದಾಗಿನಿಂದ ಹನ್ನೊಂದು ಬೆಳಗು ಬರಿಗೈ. ಜಾಗ ಅದೇ, 21 ಗ್ರಾಂನ ಬೆಳ್ಳಿ-ನೀಲಿ ಸ್ಪೂನ್ (ಚಮಚದಂತೆ ಬಾಗಿದ ಲೋಹದ ಹುಸಿ ಮೀನು) ಅದೇ, ಹೊತ್ತೂ ಅದೇ. ಐದಕ್ಕೆ ಹೋಗಿ ಎಂಟಕ್ಕೆ ವಾಪಸ್.

ಹೋದ ಶನಿವಾರ ನನ್ನಿಂದ ಹತ್ತು ಹೆಜ್ಜೆ ಆಚೆ ನಿಂತಿದ್ದ ಅಜ್ಜ ಒಬ್ಬರು ಎರಡು ಚಿನೂಕ್ ಸಾಲ್ಮನ್ ಎತ್ತಿದರು. ಅವರದೂ ಸ್ಪೂನೇ! ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ನಾನು ಬಣ್ಣ ಬದಲಿಸಬೇಕಾ?

ಇನ್ನೊಂದು ಕಾಟ: ಲೈನ್ ಸಡಿಲ ಬಿಟ್ಟರೆ ಸಾಕು, ಹಳೇ ಫೋನಿನ ವೈರಿನ ಹಾಗೆ ಸುತ್ತಿಕೊಳ್ಳುತ್ತದೆ. 10 ಪೌಂಡ್ ಎಳೆತ ತಡೆಯುವ ಮಾನೋ (ಒಂದೇ ಎಳೆಯ ನೈಲಾನ್ ಲೈನ್), ಹೋದ ತಿಂಗಳು ಹಾಕಿದ್ದು.

ತಣ್ಣೀರು:
ಬಣ್ಣ ಆಮೇಲೆ ನೋಡೋಣ. ಮೊದಲು ಮೂರು ಪ್ರಶ್ನೆ. ನೀರು ಎಷ್ಟು ಡಿಗ್ರಿ ಇತ್ತು? ಶನಿವಾರಕ್ಕೆ ಮುಂಚಿನ ಎರಡು ದಿನ ಗಾಳಿ ಎಲ್ಲಿಂದ ಬೀಸುತ್ತಿತ್ತು? ಸ್ಪೂನ್ ನೀರಿಗೆ ಬಿದ್ದ ಮೇಲೆ ಎಷ್ಟು ಹೊತ್ತು ಮುಳುಗಲು ಬಿಡುತ್ತೀರಿ?

ಕಟ್ಟೆಗಾಳ:
ಅಳೆದಿಲ್ಲ ಸಾರ್. ಆದರೆ ಆ ಶನಿವಾರ ಕೈ ತೊಳೆಯಲು ನೀರಿಗೆ ಬೆರಳಿಟ್ಟರೆ ಜೋಮು ಹಿಡಿಯಿತು. ಅದರ ಹಿಂದಿನ ವಾರ ಅಲ್ಲೇ ಹುಡುಗರು ಈಜುತ್ತಿದ್ದರು. ಗಾಳಿ ಎರಡು ದಿನ ದಕ್ಷಿಣದಿಂದ ಜೋರಾಗಿತ್ತು, ಅದಕ್ಕೇ ಗುರುವಾರ-ಶುಕ್ರವಾರ ನಾನು ಮನೆಯಲ್ಲಿದ್ದೆ. ಸ್ಪೂನ್ ಬಿದ್ದ ತಕ್ಷಣ ಸುತ್ತುತ್ತೇನೆ, ಇಲ್ಲದಿದ್ದರೆ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ.

ತಣ್ಣೀರು:
ಉತ್ತರ ನೀವೇ ಕೊಟ್ಟಿದ್ದೀರಿ. ಉಳಿದ ದಿನಗಳಲ್ಲಿ ನಿಮ್ಮ ಕಟ್ಟೆ ಹತ್ತಿರ ಮೀನೇ ಇರಲಿಲ್ಲ. ಇಲ್ಲದ ಮೀನಿಗೆ ಯಾವ ಬಣ್ಣ ತೋರಿಸಿ ಏನು ಪ್ರಯೋಜನ?

ಸಾಲ್ಮನ್‌ಗೆ ಹಿತವಾದ ನೀರು ಹೆಚ್ಚುಕಮ್ಮಿ 10ರಿಂದ 13 ಡಿಗ್ರಿ ಸೆಲ್ಸಿಯಸ್. ಏಪ್ರಿಲ್‌ನಲ್ಲಿ ಇಡೀ ಸರೋವರ ಕೊರೆಯುತ್ತಿರುತ್ತದೆ, ದಡದ ನೀರು ಮಾತ್ರ ಒಂದೆರಡು ಡಿಗ್ರಿ ಬೆಚ್ಚಗೆ. ಆಗ ಮೀನು ಬೆಚ್ಚಗಿನ ಜಾಗ ಹುಡುಕಿಕೊಂಡು ನಿಮ್ಮ ಕಾಲಬುಡಕ್ಕೇ ಬರುತ್ತದೆ. ಜುಲೈನಲ್ಲಿ ಇದು ಪೂರ್ತಿ ತಿರುಗಾಮುರುಗಾ. ದಡದ ನೀರು 18-20 ಡಿಗ್ರಿಗೆ ಹೋದರೆ ಮೀನು ಆಳಕ್ಕೆ ಇಳಿದುಬಿಡುತ್ತದೆ, ಅಲ್ಲಿಗೆ ನಮ್ಮ ಸ್ಪೂನ್ ಮುಟ್ಟುವುದಿಲ್ಲ. ಈಜುವ ಹುಡುಗರು ಖುಷಿಯಾಗಿದ್ದರೆ ನಾವು ಮನೆಗೆ ಹೋಗಬಹುದು.

ಇನ್ನು ಆ ಶನಿವಾರ. ಮೇಲಿನ ನೀರು ಗಾಳಿ ಬೀಸಿದ ದಿಕ್ಕಿಗೇ ನೇರ ಹೋಗುವುದಿಲ್ಲ. ಭೂಮಿ ತಿರುಗುವುದರಿಂದ ಇಲ್ಲಿ ಅದು ಬಲಕ್ಕೆ ವಾಲುತ್ತದೆ. ಅಂದರೆ ದಕ್ಷಿಣದ ಗಾಳಿ ಒಂದೆರಡು ದಿನ ಬಿಡದೆ ಬೀಸಿದರೆ ನಿಮ್ಮ ದಡದ ಬೆಚ್ಚನೆ ನೀರು ಪೂರ್ವಕ್ಕೆ, ಸರೋವರದ ನಡುವಿಗೆ ಜಾರುತ್ತದೆ. ಖಾಲಿಯಾದ ಜಾಗಕ್ಕೆ ತಳದ ತಣ್ಣೀರು ಮೇಲೇರಿ ಬರುತ್ತದೆ, ಅದರ ಜತೆ ಮೀನೂ ಬರುತ್ತದೆ. ನಿಮ್ಮ ಬೆರಳಿಗೆ ಜೋಮು ಹಿಡಿದದ್ದು ಅದಕ್ಕೇ. ಪಶ್ಚಿಮದ ಗಾಳಿಯೂ ಈ ದಡಕ್ಕೆ ಒಳ್ಳೆಯದೇ. ಪೂರ್ವದಿಂದ ಬೀಸಿದರೆ ಬೆಚ್ಚನೆ ನೀರೆಲ್ಲ ಬಂದು ಕಟ್ಟೆಗೇ ಒತ್ತಿಕೊಳ್ಳುತ್ತದೆ, ಆಗ ಮಲಗಿ. ನೀವು ಗಾಳಿಗೆ ಹೆದರಿ ಸರಿಯಾದ ದಿನಗಳನ್ನೇ ಬಿಟ್ಟಿದ್ದೀರಿ.

ಹಾಗಂತ ಅಲೆ ಕಟ್ಟೆ ಮೇಲೆ ಹತ್ತುವ ದಿನ ಹೋಗಬೇಡಿ. ಗಾಳಿ ನಿಂತ ಮರುದಿನದ ಬೆಳಗು ಸಾಕು.

ಒಂದು ಥರ್ಮಾಮೀಟರಿಗೆ ದಾರ ಕಟ್ಟಿ, ತಳದ ತನಕ ಇಳಿಸಿ, ಎರಡು ನಿಮಿಷ ಬಿಟ್ಟು ಬೇಗ ಎಳೆದು ನೋಡಿ. ಅಮೆರಿಕದ ಹವಾಮಾನ-ಸಾಗರ ಸಂಸ್ಥೆ ನೋವಾದವರ (NOAA) ಗ್ರೇಟ್ ಲೇಕ್ಸ್ ಕೋಸ್ಟ್‌ವಾಚ್ ನಕ್ಷೆಯಲ್ಲೂ ಉಷ್ಣಾಂಶ ಕಾಣುತ್ತದೆ, ಆದರೆ ಅದು ಮೇಲ್ಮೈಯದು ಮಾತ್ರ.

ಹಳೇರೀಲ್:
ಅಜ್ಜನಿಗೆ ಸಿಕ್ಕಿದ್ದು ಇವರಿಗೆ ಯಾಕೆ ಸಿಗಲಿಲ್ಲ ಅನ್ನುವುದು ಇನ್ನೂ ಬಾಕಿ ಇದೆಯಲ್ಲ? ನನ್ನ ಅನುಮಾನ ಆ ಸುರುಳಿ ಸುತ್ತಿದ ಲೈನ್ ಮೇಲೆ.

ಸ್ಪೂನ್ ಒದ್ದಾಡಬೇಕು, ಗಿರಗಿರನೆ ತಿರುಗಬಾರದು. ಜೋರಾಗಿ ಸುತ್ತಿದರೆ ಅದು ಬುಗುರಿ ಥರ ತಿರುಗುತ್ತದೆ, ಒಂದೊಂದು ಸುತ್ತೂ ಲೈನಿಗೆ ಏರುತ್ತದೆ. ಕಟ್ಟೆ ಪಕ್ಕದ ತಿಳಿನೀರಲ್ಲಿ ಎರಡು ಮಾರು ಲೈನ್ ಬಿಟ್ಟು ಕೋಲನ್ನು ಪಕ್ಕಕ್ಕೆ ನಡೆಸಿ ನೋಡಿ. ಯಾವ ವೇಗದಲ್ಲಿ ಹೊಟ್ಟೆ-ಬೆನ್ನು ಹೊರಳಿಸುತ್ತಾ ಗಾಯಗೊಂಡ ಮೀನಿನಂತೆ ಬರುತ್ತದೋ ಅದು ಸರಿಯಾದ ವೇಗ. ನಿಮ್ಮ ರೀಲಿನ ಗೇರ್ ಎಷ್ಟು?

ಕಟ್ಟೆಗಾಳ:
6.2:1, ಅಂದರೆ ಹಿಡಿಕೆ ಒಂದು ಸುತ್ತು ತಿರುಗಿದರೆ ಲೈನ್ ಆರಕ್ಕೂ ಹೆಚ್ಚು ಸುತ್ತು ಸುತ್ತಿಕೊಳ್ಳುತ್ತದೆ. ಇನ್ನೊಂದು ಹೇಳಬೇಕು, ಕಲ್ಲಿಗೆ ಸಿಕ್ಕಿಕೊಂಡಾಗ ಡ್ರ್ಯಾಗ್ (ಜೋರಾಗಿ ಎಳೆದರೆ ಲೈನ್ ಜಾರಲು ಬಿಡುವ ರೀಲಿನ ಬ್ರೇಕ್) ಕಿರ್ರ್ ಅಂದರೂ ಹಿಡಿಕೆ ತಿರುಗಿಸುತ್ತಲೇ ಇರುತ್ತೇನೆ.

ಹಳೇರೀಲ್:
ಅಯ್ಯೋ, ಅದನ್ನು ಇವತ್ತೇ ಬಿಡಿ! ಲೈನ್ ಸುತ್ತಿರುವ ಸ್ಪೂಲ್ ಜಾರುತ್ತಿರುವಾಗ ಹಿಡಿಕೆ ತಿರುಗಿಸಿದರೆ ಲೈನ್ ಒಳಗೆ ಬರುವುದಿಲ್ಲ, ಸುರುಳಿ ಮಾತ್ರ ಏರುತ್ತದೆ. ಮೀನು ಎಳೆಯುವಾಗಲೂ ಅಷ್ಟೇ. ಡ್ರ್ಯಾಗ್ ಹಾಡುತ್ತಿದ್ದರೆ ಸುಮ್ನೆ ಹಿಡಿದುಕೊಳ್ಳಿ, ನಿಂತ ಮೇಲೆ ಕೋಲೆತ್ತಿ, ಇಳಿಸುತ್ತಾ ಸುತ್ತಿ.

ಈಗಿನ ಲೈನ್ ತೆಗೆದುಹಾಕಿ. ಅದಕ್ಕೆ ಬುದ್ಧಿ ಬರುವುದಿಲ್ಲ. 20 ಪೌಂಡ್ ಬ್ರೇಡ್ (ಎಳೆಗಳನ್ನು ಹೆಣೆದ ಲೈನ್), ಅದರ ತುದಿಗೆ ಚಿಕ್ಕ ಸ್ವಿವೆಲ್ (ತನ್ನಷ್ಟಕ್ಕೇ ತಿರುಗಿ ಸುರುಳಿ ತಡೆಯುವ ಕೊಂಡಿ), ಆಮೇಲೆ ಒಂದು ಮೀಟರ್ 12 ಪೌಂಡ್ ಫ್ಲೋರೋಕಾರ್ಬನ್ (ನೀರಲ್ಲಿ ಅಷ್ಟಾಗಿ ಕಾಣದ ಲೈನ್). ಸ್ವಿವೆಲ್ ಕೋಲಿನ ತುದಿಯ ರಿಂಗ್ ಒಳಗೆ ಹೋಗದಂತೆ ನೋಡಿಕೊಳ್ಳಿ, ಎಸೆಯುವಾಗ ರಿಂಗ್ ಒಡೆಯುತ್ತದೆ. ನಾನು ಒಡೆದುಕೊಂಡಿದ್ದೇನೆ.

ತಣ್ಣೀರು:
ಸ್ಪೂನ್ ಮುಳುಗಿಸುವ ಲೆಕ್ಕವೂ ಸುಲಭ. ಕಾಲಬುಡದಲ್ಲಿ ಬಿಟ್ಟು ತಳ ಮುಟ್ಟುವ ತನಕ ಎಣಿಸಿ. ಹತ್ತು ಬಂತು ಅನ್ನಿ. ಎಸೆದಾಗ ನಾಲ್ಕು ಎಣಿಸಿ ಸುತ್ತಿ, ಮುಂದಿನ ಸಲ ಆರು, ಆಮೇಲೆ ಎಂಟು. ಹೊಡೆತ ಬಿದ್ದ ಎಣಿಕೆಗೇ ಅಂಟಿಕೊಳ್ಳಿ.

ಬೆಳ್ಳಿ-ನೀಲಿ ಬಣ್ಣಕ್ಕೆ ದೋಷವಿಲ್ಲ. ಇಲ್ಲಿನ ಸಾಲ್ಮನ್‌ನ ಮುಖ್ಯ ಊಟ ಏಲ್‌ವೈಫ್ ಅನ್ನುವ ಬೆಳ್ಳಿ ಮೀನು. ಅದೂ ಸಮುದ್ರದಿಂದ ಬಂದದ್ದು. ಅದರ ಕಾಟ ವಿಪರೀತವಾದಾಗ ತಿಂದು ಕಡಿಮೆ ಮಾಡಲಿ ಅಂತಲೂ 1966ರಲ್ಲಿ ಕೋಹೊ ಮರಿಗಳನ್ನು ಬಿಟ್ಟರು, ಮರುವರ್ಷ ಚಿನೂಕ್. ಇಬ್ಬರೂ ಹೊರಗಿನವರು, ನಮ್ಮ ಹಾಗೆ.

ಕಟ್ಟೆಗಾಳ:
ಹತ್ತು ದಿನದ ನಂತರದ ಸುದ್ದಿ. ಬುಧವಾರ, ಗುರುವಾರ ದಕ್ಷಿಣದ ಗಾಳಿ. ಶುಕ್ರವಾರ ನಾಲ್ಕೂವರೆಗೇ ಹೋದೆ. ಥರ್ಮಾಮೀಟರ್ 11 ತೋರಿಸಿತು. ಐದಕ್ಕೆ, ಏಳಕ್ಕೆ ಎಣಿಸಿದೆ, ಏನಿಲ್ಲ. ಒಂಬತ್ತಕ್ಕೆ ನಿಧಾನವಾಗಿ ಸುತ್ತುತ್ತಿದ್ದಾಗ ಕೋಲು ಬಗ್ಗಿತು. ಡ್ರ್ಯಾಗ್ ಹಾಡಿತು, ನಾನು ಹಿಡಿಕೆ ಮುಟ್ಟಲಿಲ್ಲ. ಮೂರು ಸಲ ಓಡಿತು. ಕಟ್ಟೆ ಹತ್ತಿರ ಬಂದಾಗ ನೋಡಿದರೆ ನನ್ನ ಕೈಬಲೆ ನೀರಿನಿಂದ ಒಂದು ಮೊಳ ಮೇಲೇ ನಿಂತಿದೆ! ಅದೇ ಅಜ್ಜ ತಮ್ಮ ಉದ್ದ ಹಿಡಿಯ ಬಲೆ ತಂದು ಎತ್ತಿಕೊಟ್ಟರು. ಚಿನೂಕ್. ಲೈನ್ ನೆಟ್ಟಗಿದೆ.

ಈಗ ಬಲೆ ಬಗ್ಗೆ ಕೇಳಬೇಕು. ಹಿಡಿ ಎಷ್ಟು ಉದ್ದ ಇರಬೇಕು?

ಹಳೇರೀಲ್:
ಕಟ್ಟೆ ಅಂಚಿನಿಂದ ನೀರಿನ ತನಕ ಅಳೆಯಿರಿ, ಅದರ ಮೇಲೆ ಒಂದು ಮೀಟರ್ ಸೇರಿಸಿ. ಅಲೆ ಇಳಿದಾಗಲೂ ಎಟುಕಬೇಕಲ್ವಾ.